ಕಲ್ಲೂ ಬೇಕು, ಹುಳವೂ ಬೇಕು ಅಂದವಳಿಗೆ

ಹಾಸನ
ಭಾನುವಾರ, ಮಧ್ಯಾಹ್ನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಭೂವಿಜ್ಞಾನ, ಪರಿಸರ ಜೀವಶಾಸ್ತ್ರ ಎರಡರಲ್ಲೂ ಒಟ್ಟಿಗೆ ಡಿಗ್ರಿ ಮಾಡಲಾ ಅಂತ ಕೇಳಿದ ನಿನ್ನ ಮೆಸೇಜು ಮೂರು ಸಲ ಓದಿದೆ. ವಾಟ್ಸಾಪಿನಲ್ಲೇ ಎರಡು ಸಾಲು ಹಾಕಿ ಮುಗಿಸಬಹುದಿತ್ತು. ಅಷ್ಟರಲ್ಲಿ ನಿಮ್ಮಪ್ಪ ಫೋನ್ ಮಾಡಿ, "ಅಣ್ಣಾ, ಒಂದು ಡಿಗ್ರಿ ಮುಗಿಸೋದೇ ಕಷ್ಟ, ಇವಳು ಎರಡು ಅಂತಾಳೆ, ಸ್ವಲ್ಪ ಬುದ್ಧಿ ಹೇಳು" ಅಂದ. ಬುದ್ಧಿ ಹೇಳುವಷ್ಟು ಬುದ್ಧಿ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಮೂವತ್ತು ವರ್ಷ ಬೋರ್‌ವೆಲ್ ಪಾಯಿಂಟ್ ಹುಡುಕಿಕೊಂಡು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸುತ್ತಿದ್ದೇನೆ. ಅದರಲ್ಲಿ ಕಂಡದ್ದನ್ನು ಬರೆಯುತ್ತೇನೆ. ಪತ್ರ ಉದ್ದವಾಗುತ್ತದೆ, ಬೇಜಾರಾದರೆ ನಾಳೆ ಓದು.

ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಮಾಡು. ಭೂವಿಜ್ಞಾನವನ್ನೂ ಮಾಡು, ಪರಿಸರ ಜೀವಶಾಸ್ತ್ರವನ್ನೂ ಮಾಡು. ಗೋಡೆಗೆ ಎರಡು ಸರ್ಟಿಫಿಕೇಟ್ ನೇತುಹಾಕುವ ಆಸೆಗಾದರೆ ಮಾತ್ರ ಬೇಡ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ನನ್ನದೇ ಒಂದು ತಪ್ಪು ಹೇಳಬೇಕು. ನಿಮ್ಮ ದೊಡ್ಡಮ್ಮನನ್ನು ಬಿಟ್ಟು ಬೇರೆ ಯಾರಿಗೂ ಇದನ್ನು ಹೇಳಿಲ್ಲ.

ನೀನು ಹುಟ್ಟುವುದಕ್ಕೆ ಮುಂಚೆ. ಮೂಡಿಗೆರೆ ಕಡೆ ಒಂದು ಕಾಫಿ ತೋಟ. ಆ ವರ್ಷ ಹೂಮಳೆ ಕೈಕೊಟ್ಟಿತ್ತು, ತೋಟದವರಿಗೆ ಸ್ಪ್ರಿಂಕ್ಲರ್‌ಗೆ ನೀರು ಬೇಕಿತ್ತು. ನಮ್ಮ ಕಡೆಯ ಕಲ್ಲು ಹೆಚ್ಚಾಗಿ ಗ್ನೀಸ್ ಅನ್ನುವ ಪಟ್ಟೆಪಟ್ಟೆಯ ಗಟ್ಟಿ ಕಲ್ಲು ಅಲ್ವಾ, ಅದರೊಳಗೆ ಸ್ಪಂಜಿನ ಹಾಗೆ ನೀರು ನಿಲ್ಲುವುದಿಲ್ಲ. ಮೇಲೆ ಸವೆದು ಮೆತ್ತಗಾದ ಪದರದಲ್ಲಿ ಒಂದಿಷ್ಟು ಇರುತ್ತದೆ. ಅದರ ಕೆಳಗೆ ಬಿರುಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನೆಲದಡಿಯ ನೀರು ಹುಡುಕುವ ಮೀಟರ್ ಇಟ್ಟು, ಬಿರುಕು ಯಾವ ದಿಕ್ಕಿಗೆ ಹೋಗಿದೆ ಅಂತ ಲೆಕ್ಕ ಹಾಕಿ ಪಾಯಿಂಟ್ ಕೊಟ್ಟೆ. ಇನ್ನೂರು ಅಡಿ ದಾಟುವುದರೊಳಗೆ ಮೂರು ಇಂಚು ನೀರು ಬಂತು. ಮೊದಲು ಬಿಳಿ ಧೂಳು, ಆಮೇಲೆ ಕೆಸರು, ಆಮೇಲೆ ತಿಳಿ ನೀರು. ಮಾಲೀಕರು ಹಾರ ಹಾಕಿದರು. ಕಡುಬು, ಕೋಳಿ ಸಾರು ಊಟ.

ಎರಡು ಬೇಸಿಗೆ ಕಳೆದ ಮೇಲೆ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ತೋಟದ ಕೆಳಗಿನ ಲೈನ್ ಮನೆಯ ಹೆಂಗಸೊಬ್ಬರು ಜೀಪು ನಿಲ್ಲಿಸಿದರು. "ನೀರು ತೋರಿಸಿದ ಸಾರ್ ನೀವೇ ಅಲ್ವಾ? ನಮ್ಮ ಒರತೆ ಒಂದ್ಸಲ ನೋಡಿ ಬನ್ನಿ" ಅಂದರು. ಬೈಯಲಿಲ್ಲ, ಅಷ್ಟೇ ಅಂದರು. ಹೋಗಿ ನೋಡಿದೆ. ಬಂಡೆಯ ಬುಡದಲ್ಲಿ ಒಂದು ಒದ್ದೆ ಕಲೆ ಉಳಿದಿತ್ತು. ಜರೀಗಿಡಗಳು ಕಂದಾಗಿ ಮುದುರಿಕೊಂಡಿದ್ದವು.

ಪುಟ್ಟಿ, ಆ ಒರತೆಯನ್ನು ನಾನು ಮೊದಲೇ ನೋಡಿದ್ದೆ. ಪಾಯಿಂಟ್ ಮಾಡಿದ ದಿನವೇ ಅಲ್ಲಿಗೆ ಹೋಗಿದ್ದೆ. ಏಪ್ರಿಲ್ ತಿಂಗಳ ಬಿಸಿಲು, ಆದರೂ ಅಲ್ಲಿ ಹಸಿರು ಪಾಚಿ, ಮೊಳಕಾಲೆತ್ತರ ಜರೀಗಿಡ, ಕಲ್ಲಿನ ಸಂದಿಯಲ್ಲಿ ಕಪ್ಪೆ. ಗಿಡ, ಪ್ರಾಣಿ ಓದಿದವರಿಗೆ ಅಷ್ಟೇ ಸಾಕಾಗುತ್ತಿತ್ತು. ಇಲ್ಲಿ ವರ್ಷವಿಡೀ ನೀರು ಜಿನುಗುತ್ತದೆ, ಮೇಲಿನ ಬಿರುಕಿಗೆ ಇದೇ ಬಾಯಿ, ಅಲ್ಲಿ ತೂತು ಹೊಡೆದರೆ ಇಲ್ಲಿ ಬತ್ತುತ್ತದೆ ಅಂತ ಹೇಳಿಬಿಡುತ್ತಿದ್ದರು. ನಾನು ಕೈಕಾಲು ತೊಳೆದುಕೊಂಡು, ಬಾಟಲಿಗೆ ನೀರು ತುಂಬಿಸಿಕೊಂಡು ಮೇಲೆ ಹತ್ತಿದೆ.

ನಿನ್ನ ಮೆಸೇಜು ಓದಿದಾಗ ಮೊದಲು ನೆನಪಾದದ್ದು ಇದು. ಎರಡನೆಯದು ನಿನ್ನದೇ. ನೀನು ಆರನೇ ಕ್ಲಾಸಿನಲ್ಲಿದ್ದೆ, ಸಕಲೇಶಪುರದ ಹತ್ತಿರ ಹಳ್ಳದಲ್ಲಿ ಕಲ್ಲು ಮಗುಚಿ, "ದೊಡ್ಡಪ್ಪಾ, ಮರಳು ನಡೀತಿದೆ" ಅಂತ ಕೂಗಿಕೊಂಡೆಯಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಕೊಳವೆ. ಲೆನ್ಸ್ ಹಿಡಿದು ನೋಡಿದರೆ ಪೂರ್ತಿ ಮರಳಿನ ಕಾಳು ಜೋಡಿಸಿ ಕಟ್ಟಿದ್ದು. ಹಾಲು ಬಣ್ಣದ ಬೆಣಚು, ಮಿಂಚುವ ಕಾಗೆಬಂಗಾರದ ಚೂರು, ಒಂದೆರಡು ಕಪ್ಪು ಕಾಳು, ಎಲ್ಲೋ ಒಂದು ಕೆಂಪು. ಗಾರೆ ಕೆಲಸದವರು ಅಷ್ಟು ನೀಟಾಗಿ ಕಟ್ಟಲಾರರು. ಕಾಳುಗಳ ಹೆಸರೆಲ್ಲ ನಾನು ಹೇಳಿದೆ. ಒಳಗಿಂದ ತಲೆ ಹಾಕಿ ನೋಡುತ್ತಿದ್ದ ಹುಳ ಯಾವುದು ಅಂತ ನೀನು ಕೇಳಿದೆ. ಬಾಯಿ ಮುಚ್ಚಿಕೊಂಡೆ.

ಆಮೇಲೆ ಓದಿ ತಿಳಿದುಕೊಂಡೆ. ಅದು ಕ್ಯಾಡಿಸ್ ಅನ್ನುವ ಕೀಟದ ಮರಿ. ಬಾಯಿಂದ ರೇಷ್ಮೆ ಎಳೆ ಬಿಟ್ಟು ಮರಳು ಅಂಟಿಸಿಕೊಳ್ಳುತ್ತದೆ. ಆ ಗುಂಪಿನ ಬಹಳಷ್ಟು ಹುಳಗಳಿಗೆ ಕೊಳಕು ನೀರು ಆಗುವುದಿಲ್ಲ. ಅದಕ್ಕೇ ಹಳ್ಳದ ಆರೋಗ್ಯ ನೋಡುವವರು ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಮೂರನ್ನೂ ಹುಡುಕಿ ಎಣಿಸುತ್ತಾರೆ. ಮನೆ ಕಟ್ಟಲು ಬೇಕಾದ ಮರಳು ಮೇಲಿನ ಬೆಟ್ಟದ ಕಲ್ಲು ಸವೆದು ಬಂದದ್ದು. ಬೆಟ್ಟ ಅಗೆದು ಮಣ್ಣು ಹಳ್ಳಕ್ಕೆ ಬಿಟ್ಟರೆ ಕಲ್ಲಿನ ಸಂದಿಗಳಲ್ಲಿ ಕೆಸರು ಕೂತು ಆ ಹುಳವೇ ಇರುವುದಿಲ್ಲ. ನೀನು ಓದಬೇಕು ಅಂದುಕೊಂಡಿರುವ ಎರಡು ಡಿಗ್ರಿ ಆ ಒಂದು ಕೊಳವೆಯಲ್ಲಿ ಇತ್ತು ನೋಡು.

ಹಾಗಾಗಿ ಒಂದೇ ಒಂದು ಮಾತು ನಡೆಸಿಕೊಡು. ಎರಡು ವಿಷಯಕ್ಕೆ ಎರಡು ಫೀಲ್ಡ್ ನೋಟ್‌ಬುಕ್ ಇಡಬೇಡ, ಒಂದೇ ಇಡು. ಎಡಗಡೆ ಪುಟದಲ್ಲಿ ಕಲ್ಲು, ಮಣ್ಣು, ಬಿರುಕಿನ ದಿಕ್ಕು. ಬಲಗಡೆ ಪುಟದಲ್ಲಿ ಅದರ ಮೇಲೆ ಏನು ಬೆಳೆದಿದೆ, ಏನು ಓಡಾಡುತ್ತಿದೆ. ಮೇಲೆ ತಾರೀಖು, ಹಿಂದಿನ ದಿನ ಮಳೆ ಬಂದಿತ್ತೋ ಇಲ್ಲವೋ. ಮೇಷ್ಟ್ರುಗಳು ಗೊಣಗಬಹುದು. ಗೊಣಗಲಿ. ಬಲಗಡೆ ಪುಟ ಖಾಲಿ ಬಿಟ್ಟುಕೊಂಡು ಬಂದವನು ನಾನು.

ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆ ಜಾಗ ಎಲ್ಲಿದೆ ಹೇಳು. ಗೊರೂರಿನ ಗ್ನೀಸಿಗೆ ಸುಮಾರು 330 ಕೋಟಿ ವರ್ಷ. ದೇಶದ ಹಳೆಯ ಕಲ್ಲುಗಳ ಸಾಲಿನಲ್ಲಿ ಅದು ಕೂರುತ್ತದೆ, ನಾವು ಅದರ ಮೇಲೆ ಡ್ಯಾಮ್ ನೋಡಲು ಹೋಗಿ ಚುರುಮುರಿ ತಿಂದು ಬರುತ್ತೇವೆ. ಹೊಳೆನರಸೀಪುರದ ಕಡೆ ಗಾರ್ನೆಟ್, ಕಯನೈಟ್ ಅನ್ನುವ ಖನಿಜ ಇರುವ ಕಲ್ಲುಗಳಿವೆ. ಬೇಲೂರು, ಹಳೇಬೀಡಿನ ದೇವಸ್ಥಾನ ಬಳಪದ ಕಲ್ಲಿನದು, ಅದು ನಿನಗೂ ಗೊತ್ತು. ಹೊರಗೋಡೆಯ ಮೇಲೆ ಬೂದು, ತಿಳಿಹಸಿರು ಮಚ್ಚೆಗಳು ಕಂಡರೆ ಸುಮ್ನೆ ಮುಂದೆ ಹೋಗಬೇಡ. ಕಲ್ಲುಹೂವು ಬಂಡೆಯ ಮೇಲೆ ಹೇಗೆ ಹಿಡಿಯುತ್ತದೆ, ಅದು ಬಿಡುವ ಆಮ್ಲ ಕಲ್ಲನ್ನು ಏನು ಮಾಡುತ್ತದೆ ಅಂತ ಯೋಚಿಸು. (ಅಲ್ಲಿ ಸುತ್ತಿಗೆ ಮಾತ್ರ ಚೀಲದಿಂದ ಹೊರಗೆ ತೆಗೆಯಬೇಡ ಮಾರಾಯ್ತಿ.)

ನಿನ್ನ ಪ್ರಾಜೆಕ್ಟಿಗೆ ನಾನು ಆರಿಸಿಕೊಡುವುದಾದರೆ ನುಗ್ಗೇಹಳ್ಳಿಯ ಹಳೆಯ ಕಲ್ಲಿನ ಪಟ್ಟಿ. ಅಲ್ಲಿ ಬೈರಾಪುರದಲ್ಲಿ ಕ್ರೋಮೈಟ್ ಅನ್ನುವ ಕ್ರೋಮಿಯಂ ಅದಿರಿನ ಗಣಿ. ಅಂಥ ಕಲ್ಲು ಸವೆದು ಆದ ಮಣ್ಣಿನಲ್ಲಿ ಮೆಗ್ನೀಸಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಮೇಲೆ ಕ್ರೋಮಿಯಂ, ನಿಕ್ಕಲ್ ಬೇರೆ. ಎಲ್ಲ ಗಿಡಕ್ಕೂ ಇದು ಒಗ್ಗುವುದಿಲ್ಲ. ಒಗ್ಗಿದ ಗಿಡ ಯಾವುದು, ಅದರ ಎಲೆಯಲ್ಲಿ ಏನು ಸೇರಿಕೊಂಡಿದೆ, ಅದನ್ನು ತಿಂದ ಮೇಕೆಗೆ ಏನಾಗುತ್ತದೆ? ಅದಿರಿನಲ್ಲಿ ಕ್ರೋಮಿಯಂ-3 ಅನ್ನುವ ರೂಪದಲ್ಲಿರುತ್ತದೆ, ಅಷ್ಟು ಅಪಾಯ ಇಲ್ಲ. ಮಣ್ಣಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಜೊತೆ ಸೇರಿ ಕ್ರೋಮಿಯಂ-6 ಅನ್ನುವ ರೂಪಕ್ಕೆ ತಿರುಗಿದರೆ ನೀರಿನಲ್ಲಿ ಕರಗುತ್ತದೆ, ವಿಷ. ಎಲ್ಲಿ ತಿರುಗುತ್ತದೆ, ಯಾಕೆ ತಿರುಗುತ್ತದೆ ಅನ್ನುವುದಕ್ಕೆ ಕಲ್ಲೂ ಗೊತ್ತಿರಬೇಕು, ಮಣ್ಣಿನ ಜೀವವೂ ಗೊತ್ತಿರಬೇಕು. ರಸಾಯನಶಾಸ್ತ್ರವಂತೂ ಗೊತ್ತಿರಲೇಬೇಕು. ಪಿಯುಸಿಯಲ್ಲಿ ಕೆಮಿಸ್ಟ್ರಿ ಕಂಡರೆ ನೀನು ಓಡುತ್ತಿದ್ದೆ ಅಂತ ಕೇಳಿದ್ದೇನೆ. ಇನ್ನು ಓಡುವ ಹಾಗಿಲ್ಲ.

ಕುದುರೆಮುಖದ ಕಥೆಯನ್ನೂ ಓದಿಕೋ. ಅದೇ ಬೆಟ್ಟದಲ್ಲಿ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರು, ಅದೇ ಬೆಟ್ಟದಲ್ಲಿ ಶೋಲಾ ಕಾಡು, ತುಂಗಾ, ಭದ್ರಾ, ನೇತ್ರಾವತಿಯ ಹುಟ್ಟು. 1976ರಲ್ಲಿ ಕಂಪನಿ ಶುರುವಾಯಿತು, 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಆ ಕಾಲದಲ್ಲಿ ನನ್ನ ಜೊತೆಯವರಲ್ಲೇ ಎರಡು ಪಕ್ಷ. ಟೀ ಅಂಗಡಿಯಲ್ಲಿ ಜಗಳವೇ ಆಗುತ್ತಿತ್ತು. ಅದಿರಿನ ಲೆಕ್ಕ ಹೇಳುವವರಿಗೆ ಹೊಳೆಯ ಕೆಸರಿನ ಲೆಕ್ಕ ಗೊತ್ತಿರಲಿಲ್ಲ. ಕಾಡಿನ ಪರ ಇದ್ದವರಿಗೆ ಅಲ್ಲಿ ಕೆಲಸ ಮಾಡುವ ಮನೆಗಳ ಲೆಕ್ಕ ಇರಲಿಲ್ಲ. ನಾನು ಟೀ ದುಡ್ಡು ಕೊಟ್ಟು ಎದ್ದು ಬರುತ್ತಿದ್ದೆ.

ಇನ್ನು ನಿಮ್ಮಪ್ಪನ ಪ್ರಶ್ನೆ, ಕೆಲಸ ಸಿಗುತ್ತಾ ಅಂತ. ಇಲ್ಲಿ ಸ್ವಲ್ಪ ಹುಷಾರಾಗಿ ಓದು.

2022ರಿಂದ ಯುಜಿಸಿ ಒಟ್ಟಿಗೆ ಎರಡು ಡಿಗ್ರಿಗೆ ಒಪ್ಪಿದೆ. ಎರಡೂ ಕ್ಲಾಸಿಗೆ ಹೋಗಿ ಮಾಡುವುದಾದರೆ ಸಮಯ ತಾಗಬಾರದು. ಇಲ್ಲವೇ ಒಂದನ್ನು ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಮಾಡಬಹುದು. ಸಮಯ ತಾಗದ ಕಾಲೇಜು ಸಿಕ್ಕರೆ ಒಳ್ಳೆಯದು. ಸಿಗದೆ ಒಂದನ್ನು ಮನೆಯಲ್ಲಿ ಕೂತು ಓದಬೇಕಾದರೆ ಕಲ್ಲಿನದನ್ನು ಅಂಚೆಗೆ ಹಾಕಬೇಡ. ಮ್ಯಾಪಿಂಗ್, ಸೂಕ್ಷ್ಮದರ್ಶಕದಲ್ಲಿ ಕಲ್ಲಿನ ತೆಳುಪದರ ನೋಡುವುದು, ಫೀಲ್ಡ್ ಕ್ಯಾಂಪ್, ಇವು ಪುಸ್ತಕದಿಂದ ಬರುವುದಿಲ್ಲ, ತಪ್ಪಿದರೆ ತೋರಿಸಿಕೊಡುವವರು ಪಕ್ಕದಲ್ಲಿರಬೇಕು. ಜೀವಶಾಸ್ತ್ರಕ್ಕೂ ಲ್ಯಾಬ್ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಹಕ್ಕಿ, ಗಿಡ, ಹುಳ ಕಲಿಸುವವರು ನಮ್ಮ ಮಲೆನಾಡಿನಲ್ಲಿ ಊರಿಗೊಬ್ಬರಾದರೂ ಇದ್ದಾರೆ. ಕಲ್ಲು ಕಲಿಸುವವರು ಹಾಗೆ ಸಿಗುವುದಿಲ್ಲ.

ಅಂಕಪಟ್ಟಿಯಲ್ಲಿ ವಿಷಯದ ಹೆಸರು ಹೇಗೆ ಬರುತ್ತದೆ ಅಂತ ಸೇರುವ ಮೊದಲೇ ಕೇಳಿಕೋ. ಇದು ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ಲ. ಭಾರತೀಯ ಅರಣ್ಯ ಸೇವೆ ಪರೀಕ್ಷೆಗೆ ಅರ್ಹ ವಿಷಯಗಳ ಪಟ್ಟಿಯಲ್ಲಿ ಭೂವಿಜ್ಞಾನ ಇದೆ, ಸಸ್ಯಶಾಸ್ತ್ರ ಇದೆ, ಪ್ರಾಣಿಶಾಸ್ತ್ರ ಇದೆ. ಪರಿಸರ ಜೀವಶಾಸ್ತ್ರ ಅನ್ನುವ ಹೆಸರು ಇಲ್ಲ. ನಿನಗೆ ಭೂವಿಜ್ಞಾನದ ಡಿಗ್ರಿಯೇ ಆ ಬಾಗಿಲು ತೆಗೆಯುತ್ತದೆ. ಐಚ್ಛಿಕಕ್ಕೆ ಭೂವಿಜ್ಞಾನ, ಸಸ್ಯಶಾಸ್ತ್ರ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು, ನಿನಗೇ ಹೊಲಿಸಿದ ಹಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಯುಪಿಎಸ್‌ಸಿ ಬೇರೆ ಪರೀಕ್ಷೆ ಮಾಡುತ್ತದೆ, ಅಲ್ಲಿ ಎಂ.ಎಸ್ಸಿ. ಕೇಳುತ್ತಾರೆ. ಅಂದರೆ ಎರಡು ಬಿ.ಎಸ್ಸಿ. ಸೇರಿ ಒಂದು ಎಂ.ಎಸ್ಸಿ. ಆಗುವುದಿಲ್ಲ. ಇದನ್ನು ನಿಮ್ಮಪ್ಪನಿಗೆ ಈಗಲೇ ಹೇಳಿಡು, ಆಮೇಲೆ ಮುಖ ದಪ್ಪ ಮಾಡಿಕೊಳ್ಳುತ್ತಾನೆ.

ಖಾಸಗಿ ಕಡೆ ಪರಿಸರ ಪರಿಣಾಮ ವರದಿ ಮಾಡುವ ಕೆಲಸ ಇದೆ. 2006ರ ಅಧಿಸೂಚನೆ ಪ್ರಕಾರ ಗಣಿ, ಅಣೆಕಟ್ಟು ಅಂಥ ಎಷ್ಟೋ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು. ಕಲ್ಲಿನ ಅಧ್ಯಾಯ ಒಬ್ಬರು ಬರೆಯುತ್ತಾರೆ, ಪ್ರಾಣಿಪಕ್ಷಿಯ ಅಧ್ಯಾಯ ಇನ್ನೊಬ್ಬರು. ಒಬ್ಬರದನ್ನು ಇನ್ನೊಬ್ಬರು ಓದುವುದಿಲ್ಲ. ಅರಸೀಕೆರೆ ಕಡೆಯ ಒಂದು ಕ್ವಾರಿಯ ವರದಿ ನನ್ನ ಕೈಗೆ ಬಂದಿತ್ತು. ಪ್ರಾಣಿಗಳ ಪಟ್ಟಿಯಲ್ಲಿ ಸಿಂಹಬಾಲದ ಸಿಂಗಳೀಕ ಇತ್ತು! ಆ ಬಯಲಿನಲ್ಲಿ ಅದು ಎಲ್ಲಿ ಕೂರಬೇಕು, ತೆಂಗಿನ ಮರದ ಮೇಲಾ? ಘಟ್ಟದ ಯಾವುದೋ ವರದಿಯಿಂದ ಎತ್ತಿ ಅಂಟಿಸಿದ್ದರು. ಇಂಥ ಕೆಲಸಕ್ಕೆ ಸೇರಿದರೆ ಎರಡು ಅಧ್ಯಾಯವನ್ನೂ ನೀನೇ ಓದು.

ಕಷ್ಟ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎರಡು ಕಡೆ ಪ್ರಾಕ್ಟಿಕಲ್ ಒಂದೇ ವಾರ ಬರುತ್ತದೆ. ಯಾವುದೋ ಒಂದರಲ್ಲಿ ಒಂದು ಸೆಮಿಸ್ಟರ್ ಹಿಂದೆ ಬೀಳುತ್ತೀಯ. ಊರೇನೂ ಮುಳುಗುವುದಿಲ್ಲ. ಆದರೆ ಫೀಲ್ಡ್ ಕ್ಯಾಂಪ್ ಒಂದನ್ನೂ ತಪ್ಪಿಸಬೇಡ, ಮದುವೆ ಮುಂಜಿ ಇದ್ದರೂ. ಮಳೆಗಾಲದಲ್ಲಿ ಇಂಬಳಕ್ಕೆ ಉಪ್ಪಿನ ಗಂಟು ಇಟ್ಟುಕೋ. ಧರೆ ಕುಸಿದ ಜಾಗಕ್ಕೆ ಮಳೆ ನಡುವೆ ಹತ್ತಿರ ಹೋಗಬೇಡ. 2018ರಲ್ಲಿ ಸಕಲೇಶಪುರದ ಕಡೆ, 2019ರಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿದ್ದನ್ನು ನೋಡಿದ್ದೇನೆ. ಬಂಡೆಯ ಮೇಲೆ ಕೂತ ಕೆಂಪು ಮಣ್ಣು ನೀರು ಕುಡಿದು ಕುಡಿದು, ಬೇರು ಸಮೇತ ಜಾರುತ್ತದೆ. ಕಾಫಿ ಗಿಡಗಳು ನಿಂತ ಹಾಗೇ ಕೆಳಗೆ ಬಂದಿದ್ದವು. ಮಳೆ ನಿಂತು, ನೆಲ ಒಣಗಿದ ಮೇಲೆ ಹೋಗು, ಮಣ್ಣೂ ಬಂಡೆಯೂ ಸೇರುವ ಗೆರೆ ಆಗ ಚೆನ್ನಾಗಿ ಕಾಣುತ್ತದೆ.

ಹೆಣ್ಣು ಹುಡುಗಿ, ಕಾಡು ಮೇಡು ಅಂತ ಮನೆಯಲ್ಲಿ ಮಾತು ಬಂದರೆ ನನಗೆ ಬಿಡು, ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಈ ಪತ್ರದ ಜೊತೆ ನನ್ನ ಲೆನ್ಸ್ ಕಳಿಸುತ್ತಿದ್ದೇನೆ. ಹತ್ತು ಪಟ್ಟು ತೋರಿಸುತ್ತದೆ. ಒಂದು ಕಡೆ ಗೀರು ಬಿದ್ದಿದೆ, ಸ್ವಲ್ಪ ಓರೆ ಹಿಡಿದರೆ ಅಡ್ಡ ಬರುವುದಿಲ್ಲ. ದಸರಾ ರಜೆಗೆ ಬಾ. ನಿಮ್ಮ ದೊಡ್ಡಮ್ಮ ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿಕೊಡುತ್ತೇನೆ ಅಂದಿದ್ದಾಳೆ. ಮೂಡಿಗೆರೆ ಕಡೆ ಹೋಗೋಣ. ಆ ತೋಟದ ಬೋರು ಈಗ ಕೆಟ್ಟು ನಿಂತಿದೆಯಂತೆ. ಒರತೆಗೆ ನೀರು ತಿರುಗಿ ಬಂದಿದೆಯೋ ಏನೋ, ಇಷ್ಟು ವರ್ಷ ನಾನು ಆ ಒರತೆಯ ಹತ್ತಿರ ಹೋಗಿಲ್ಲ. ಒಬ್ಬನೇ ಹೋಗುವುದಕ್ಕೆ ಮನಸ್ಸು ಬರಲಿಲ್ಲ. ಹಳೇ ಶೂ ಹಾಕಿಕೊಂಡು ಬಾ.

ಇಂತಿ ನಿನ್ನ
ದೊಡ್ಡಪ್ಪ