ಲಾಬ್‌ಸ್ಟರ್ ಬಾಲಕ್ಕೆ 10 ನಿಮಿಷ ಸಾಕು

ಸಂಪಾದಕರೇ,

ಶಿರಾಡಿ ಘಾಟಿ ಹತ್ತಿ ಮಂಗಳೂರಿನ ಮೀನು ನಮ್ಮ ಸಕಲೇಶಪುರಕ್ಕೂ ಬರುತ್ತದೆ. ಅಪರೂಪಕ್ಕೆ ಲಾಬ್‌ಸ್ಟರ್ ಸಿಕ್ಕರೆ ಜನ ಅದನ್ನು ಸಾರಿಗೆ ಹಾಕಿ ಕುದಿಸಿ ಕುದಿಸಿ ರಬ್ಬರ್ ಥರ ಮಾಡುತ್ತಾರೆ. ಅಷ್ಟು ದುಡ್ಡು ಸುಮ್ನೆ ಹಾಳು, ಅಲ್ವಾ?

ಬಾಲದ ಮೇಲಿನ ಚಿಪ್ಪನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಕಪ್ಪು ನರ ತೆಗೆಯಿರಿ. ಮಾಂಸವನ್ನು ಬೆರಳಿಂದ ಮೆಲ್ಲಗೆ ಬಿಡಿಸಿ ಚಿಪ್ಪಿನ ಮೇಲೆ ಕೂರಿಸಿ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ನಮ್ಮ ತೋಟದ ಕಾಳುಮೆಣಸು ಸಾಕು. ಮಸಾಲೆ ಬೇಡವೇ ಬೇಡ. 220 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್‌ನಲ್ಲಿ 150 ಗ್ರಾಂ ಬಾಲ 8–10 ನಿಮಿಷಕ್ಕೆ ಬೇಯುತ್ತದೆ. ಒಳಗಿನವರೆಗೂ ಬೆಳ್ಳಗಾದ ಕೂಡಲೇ ತೆಗೆದು ನಿಂಬೆರಸ ಹಿಂಡಿ.

ಹೊಟ್ಟೆಯಡಿ ಮೊಟ್ಟೆ ಅಂಟಿಸಿಕೊಂಡ ಹೆಣ್ಣು ಲಾಬ್‌ಸ್ಟರ್ ಮಾತ್ರ ದಯವಿಟ್ಟು ಕೊಳ್ಳಬೇಡಿ. ನಿಮ್ಮ ಅಡುಗೆ ಪುಟದಲ್ಲಿ ಇದನ್ನೂ ಒಮ್ಮೆ ಬರೆಯಿರಿ.

– ಕಾಫಿ ಬೆಳೆಗಾರ್ತಿ, ಸಕಲೇಶಪುರ, ಹಾಸನ ಜಿಲ್ಲೆ