ಇದು ದಲಾಲಿ ಕೆಲಸ, ಭಾಗ್ಯಾ

ಕಲಬುರಗಿ
ಎಳ್ಳ ಅಮಾವಾಸ್ಯೆಯ ಮರುದಿನ

ಚಿ. ಭಾಗ್ಯಶ್ರೀಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಇತ್ತು. ಬೀದರದಿಂದ ನೀವು ಬರಲಿಲ್ಲ, ಅದೊಂದೇ ಕೊರತೆ. ತೊಗರಿ ಈ ಸಲ ಕಾಯಿ ಚೆನ್ನಾಗಿ ಕಟ್ಟಿದೆ.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಎರಡು ಸಲ ಓದಿದೆ. ಅಫಿಲಿಯೇಟ್ ಕಲಿಸುವ ಕೋರ್ಸ್ ಅಂತೆ, 4,999 ರೂಪಾಯಿ ಅಂತೆ, ಮೂರು ತಿಂಗಳಾದರೆ ತಿಂಗಳಿಗೆ 50 ಸಾವಿರ ಬರುತ್ತದಂತೆ. ಕೊನೆಗೆ "ಅಪ್ಪಗ ಹೇಳಬ್ಯಾಡ್ರಿ ಕಾಕಾ" ಅಂತ ಬೇರೆ ಬರೆದಿದ್ದೀಯ. ನಾನು ಹೇಳಿಲ್ಲ, ನೀನೇ ಹೇಳಬೇಕು. ಕೋರ್ಸಿಗೆ ನಾನು ದುಡ್ಡು ಕೊಡುವುದಿಲ್ಲ. ಆದರೆ ಕೆಲಸ ಬೇಡ ಅನ್ನುವುದಿಲ್ಲ. ಮಾಡು. ಹೇಗೆ ಮಾಡಬೇಕು ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ಗಂಜಿನ, ಅಂದರೆ ಕಾಳುಕಡಿ ಪೇಟೆಯ, ಅಡತಿ ಅಂಗಡಿಯಲ್ಲಿ ನಾನು 32 ವರ್ಷ ಗುಮಾಸ್ತನಾಗಿದ್ದೆ, ನಿನಗೆ ಗೊತ್ತು. ನನ್ನ ಮಗ, ನಿನ್ನ ಅಣ್ಣ ಶರಣು ಮೊದಲ ಸಲ ಈ ಅಫಿಲಿಯೇಟ್ ಬಗ್ಗೆ ಹೇಳುತ್ತಿದ್ದಾಗ ಅರ್ಧಕ್ಕೇ ತಡೆದು ಕೇಳಿದೆ, "ಇದು ದಲಾಲಿ ಅಲ್ವಾ?" ಅಂತ. ಮಾಲು ನಮ್ಮದಲ್ಲ, ಗೋದಾಮು ನಮ್ಮದಲ್ಲ. ಕೊಳ್ಳುವವರನ್ನು ಮಾರುವವರ ಬಾಗಿಲಿಗೆ ಕರೆದುಕೊಂಡು ಹೋಗಿ ಬಿಡುತ್ತೇವೆ, ವ್ಯಾಪಾರ ಕುದುರಿದರೆ ನಮ್ಮ ಪಾಲು ಬರುತ್ತದೆ. ಗಂಜಿನಲ್ಲಿ ಚೀಟಿ, ಇಲ್ಲಿ ಲಿಂಕ್. ಅಮೆಜಾನ್ 1996ರಿಂದಲೇ ಈ ಲೆಕ್ಕ ನಡೆಸುತ್ತಿದೆ. ನೀನು ಕೊಟ್ಟ ಲಿಂಕ್ ಒತ್ತಿ ಒಳಗೆ ಹೋದವರು 24 ತಾಸಿನೊಳಗೆ ಕೊಂಡರೆ ಕಮಿಷನ್ ನಿನ್ನ ಖಾತೆಗೆ. ನೀನು ಮಿಕ್ಸರ್ ತೋರಿಸಿ ಅವರು ಚಾದರ್ ಕೊಂಡರೂ ಬರುತ್ತದೆ. ಮಾಲು ವಾಪಸ್ ಹೋದರೆ ಕಮಿಷನ್ನೂ ವಾಪಸ್.

ದಲಾಲಿ ಅಂದರೆ ಮೂಗು ಮುರಿಯುವವರು ಇದ್ದಾರೆ. ಅದು ಕೀಳು ಕೆಲಸ ಅಲ್ಲ ಮಗಳೇ. ಆ ಕೆಲಸದಿಂದಲೇ ನಮ್ಮ ಮನೆ ಒಲೆ ಉರಿದಿದೆ, ಶರಣು ಓದಿದ್ದಾನೆ. ಆದರೆ ಅದರಲ್ಲಿ ಒಂದು ಸಲ ನಾನು ತಪ್ಪು ಮಾಡಿದೆ. ನಿಮ್ಮಪ್ಪನಿಗೂ ಇದನ್ನು ಹೇಳಿಲ್ಲ.

ತೊಗರಿ ಒಣಗಿದೆಯೋ ಇಲ್ಲವೋ ನೋಡಲು ಗಂಜಿನಲ್ಲಿ ಯಾರೂ ಮಶೀನ್ ಹುಡುಕುತ್ತಿರಲಿಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು, ಎರಡು ಕಾಳು ಹಲ್ಲಿನ ನಡುವೆ ಇಡುವುದು. ಒಣಗಿದ್ದರೆ ಕಟ್ ಅಂತ ಒಡೆಯುತ್ತದೆ. ಹಸಿ ಇದ್ದರೆ ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಆ ದಿನ ಕಾಳು ಚಪ್ಪಟೆಯಾಯಿತು. ಹೊರಗಿನ ಊರಿನ ಗಿರಣಿಯವರು ಫೋನಿನಲ್ಲಿದ್ದರು, ಎಷ್ಟೋ ವರ್ಷದಿಂದ ಬರೀ ನಮ್ಮ ಮಾತಿನ ಮೇಲೆ ಮಾಲು ಎತ್ತುತ್ತಿದ್ದವರು. ನಮ್ಮ ಮಾಲೀಕರು ಕಣ್ಣು ಸನ್ನೆ ಮಾಡಿದರು. ನಾನು "ಒಣ ಮಾಲು ಅದ ರೀ" ಅಂದುಬಿಟ್ಟೆ. ಲಾರಿ ಹೋಯಿತು, ದುಡ್ಡೂ ಬಂತು. ಅವರು ಜಗಳ ಮಾಡಲಿಲ್ಲ. ಮುಂದಿನ ಸುಗ್ಗಿಗೆ ನಮ್ಮ ಅಂಗಡಿಗೆ ಫೋನ್ ಬರಲಿಲ್ಲ, ಅಷ್ಟೇ. ಆಮೇಲೂ ಬರಲಿಲ್ಲ. ಮಾಲೀಕರು ಮರೆತರು. ಆ ಕಾಳು ಚಪ್ಪಟೆಯಾದದ್ದು ನನ್ನ ಹಲ್ಲಿಗೆ ಇವತ್ತಿಗೂ ನೆನಪಿದೆ.

ಹಾಗಾಗಿ ನಿನಗೆ ನಾನು ಹೇಳುವುದು ಒಂದೇ. ಕೈಯಲ್ಲಿ ಹಿಡಿದು, ಬಳಸಿ, ಕಡಿದು ನೋಡದ ಮಾಲಿಗೆ ಲಿಂಕ್ ಕೊಡಬೇಡ.

ಶರಣು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ಹಗಲು ಮೊಬೈಲ್ ಅಂಗಡಿ ಕೆಲಸ, ರಾತ್ರಿ ಅಡುಗೆಮನೆ ಸಾಮಾನಿನ ವಿಡಿಯೊ. ಒಂದು ಮಿಕ್ಸರ್ ತರಿಸಿದ. ಡಬ್ಬಿ ಬಿಚ್ಚಿ, ಒಂದು ಲೋಟ ಟೊಮೆಟೊ ತಿರುವಿ, "ಸೂಪರ್ ಇದೆ, ಲಿಂಕ್ ಕೆಳಗಿದೆ" ಅಂತ ವಿಡಿಯೊ ಹಾಕಿದ. ನಮ್ಮ ಓಣಿಯ ನೀಲಮ್ಮಕ್ಕ ಅದನ್ನು ನೋಡಿಯೇ ಕೊಂಡಳು. ಆಕೆ ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಿ ಅಂಗಡಿಗಳಿಗೆ ಹಾಕುತ್ತಾಳೆ, ಅದರ ಮೇಲೇ ಮನೆ ನಡೆಯುತ್ತದೆ. ಮೂರನೇ ದಿನ ಜಾರ್ ಕೈಯಲ್ಲಿ ಹಿಡಿದು ಬಂದಳು. ಮುಚ್ಚಳ ಇನ್ನೂ ಬಿಸಿ ಇತ್ತು, ಸುಟ್ಟ ವಾಸನೆ ಬರುತ್ತಿತ್ತು. ಹಿಂಡಿ ತಳದಲ್ಲಿ ಮುದ್ದೆಯಾಗಿ ಎಣ್ಣೆ ಬಿಟ್ಟಿತ್ತು. ಬೈಯಲಿಲ್ಲ. "ಶರಣು ಹೇಳ್ಯಾನ ಅಂತ ತಗೊಂಡೆ ಅಣ್ಣಾ" ಅಂದಳು. ಶರಣು ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಆ ಮಿಕ್ಸರಿಂದ ಅವನಿಗೆ ಸಿಕ್ಕಿದ್ದು ನೂರೈವತ್ತು ರೂಪಾಯಿ ಆಸುಪಾಸು. ಅದೂ ಮಾಲು ವಾಪಸಾದ ಮೇಲೆ ಕಡಿತವಾಯಿತು.

ಮರುದಿನ ಅದೇ ಮಿಕ್ಸರಿಗೆ ಒಂದು ಕಿಲೊ ಶೇಂಗಾ ಹಾಕಿ, ಮೋಟರ್ ಬಿಸಿಯಾಗುವುದನ್ನು ತೋರಿಸಿ, "ನಾನು ಹೇಳಿದ್ದು ತಪ್ಪು" ಅಂತ ಹೊಸ ವಿಡಿಯೊ ಹಾಕಿದ. ಹಳೆಯದನ್ನು ತೆಗೆದ. ಈಗ ಯಾವ ಸಾಮಾನೇ ಇರಲಿ, ಒಂದು ತಿಂಗಳು ನಿನ್ನ ಕಾಕಿಯ ಕೈಗೆ ಕೊಟ್ಟ ಮೇಲೆಯೇ ಮಾತು. ಮೊದಲು ಅದರ ದೋಷ ಹೇಳುತ್ತಾನೆ, ಆಮೇಲೆ ಗುಣ. ನೀಲಮ್ಮಕ್ಕ ಈಗ ಅವನನ್ನು ಕೇಳಿಯೇ ಕೊಳ್ಳುತ್ತಾಳೆ. ನನಗೆ ಅದು ದೊಡ್ಡ ಮಾತು.

ಅವನ ಖಾತೆ ಪುಸ್ತಕ ಬರೆಯುವವನು ನಾನೇ, ಅದಕ್ಕೇ ಲೆಕ್ಕ ಬಿಚ್ಚಿ ಹೇಳುತ್ತೇನೆ. ಮೊದಲ ಎಂಟು ತಿಂಗಳಲ್ಲಿ ಬಂದದ್ದು 640 ರೂಪಾಯಿ. ಈಗ ಮೂರನೇ ವರ್ಷ. ದೀಪಾವಳಿ ಮುಂದೆ ಒಂಬತ್ತು ಸಾವಿರದವರೆಗೆ ಹೋಗಿದೆ, ಆಷಾಢದಲ್ಲಿ ಎರಡೂವರೆ ಸಾವಿರಕ್ಕೆ ಇಳಿದಿದೆ. ಇದು ಸಂಬಳ ಅಲ್ಲ. ಇದರ ಮೇಲೆ ಸಾಲ ಮಾಡುವಂತಿಲ್ಲ. ನಿನ್ನ ಕೋರ್ಸಿನವರ 50 ಸಾವಿರ ಎಲ್ಲಿಂದ ಬರುತ್ತದೆ ಗೊತ್ತಾ? ನಿನ್ನಂಥ ಹತ್ತು ಹುಡುಗಿಯರು 4,999 ಕೊಟ್ಟರೆ ಅವರಿಗೆ 50 ಸಾವಿರ ಆಯಿತು. ಕೋರ್ಸ್ ಕೊಂಡವರಿಗೆ ಅದೇ ಕೋರ್ಸನ್ನು ಇನ್ನೊಬ್ಬರಿಗೆ ಮಾರಲು ಹೇಳುತ್ತಾರಾ ಕೇಳಿ ನೋಡು. ಹೌದು ಅಂದರೆ ಅಲ್ಲಿಗೇ ಬಿಡು. ಅವರು ಹೇಳಿಕೊಡುವ ನಿಯಮಗಳೆಲ್ಲ ಕಂಪನಿಗಳೇ ಬರೆದು ಪುಕ್ಕಟೆ ಇಟ್ಟಿವೆ, ಓದುವ ತಾಳ್ಮೆ ಬೇಕು ಅಷ್ಟೇ.

ಅದರಲ್ಲಿ ಒಂದಿಷ್ಟು ನಾನೇ ಬರೆಯುತ್ತೇನೆ. ಅಮೆಜಾನ್‌ನಲ್ಲಿ ಹೆಸರು ನೋಂದಾಯಿಸಿದ 180 ದಿನದೊಳಗೆ ಮೂರು ವ್ಯಾಪಾರವಾದರೂ ಆಗಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ಅದಕ್ಕೆ ಅಂತ ನಿನ್ನ ಲಿಂಕಿನಿಂದ ನೀನೇ ಕೊಂಡರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಲು 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ ಜನ ನಿನ್ನ ವಿಡಿಯೊ 4,000 ತಾಸು ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ನೋಟ ಬಿದ್ದಿರಬೇಕು. ಉದ್ದ ವಿಡಿಯೊದ ಜಾಹೀರಾತಿನಲ್ಲಿ ನೂರಕ್ಕೆ 55 ನಿನಗೆ, ಉಳಿದದ್ದು ಅವರಿಗೆ. ಈ ದುಡ್ಡು ಗೂಗಲ್‌ನ ಆ್ಯಡ್‌ಸೆನ್ಸ್ ಖಾತೆಗೆ ಜಮಾ ಆಗುತ್ತದೆ. ನಿನ್ನ ಆ್ಯಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ಮನೆಗೆ ಅಂಚೆಯಲ್ಲಿ ಒಂದು ಪಿನ್ ನಂಬರಿನ ಕಾಗದ ಬರುತ್ತದೆ. ಮನೆ ನಂಬರು, ಓಣಿ, ಪಿನ್‌ಕೋಡ್ ಸರಿಯಾಗಿ ಬರೆ, ಶರಣುವಿನ ಕಾಗದ ಎರಡು ಸಲ ದಾರಿ ತಪ್ಪಿತ್ತು. 100 ಡಾಲರ್ ಆಗುವವರೆಗೆ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ಸುಮ್ನೆ ಜಾಹೀರಾತು ಒತ್ತಿರಿ ಅಂತ ಗೆಳತಿಯರಿಗೆ ಹೇಳಬೇಡ, ಗೂಗಲ್ ಅದನ್ನು ಹಿಡಿದು ಖಾತೆ ಬಂದ್ ಮಾಡುತ್ತದೆ. ಪಾನ್ ಕಾರ್ಡ್ ಮಾಡಿಸಿಕೋ. ಪಾನ್ ಕೊಡದಿದ್ದರೆ ಕಮಿಷನ್ನಿನಲ್ಲಿ ನೂರಕ್ಕೆ 20 ತೆರಿಗೆ ಮುರಿದುಕೊಳ್ಳುತ್ತಾರೆ.

ಇನ್ನೊಂದು. ಲಿಂಕ್ ಹಾಕುವಾಗ "ಇದರಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ" ಅಂತ ಕನ್ನಡದಲ್ಲಿ, ಲಿಂಕಿನ ಮೇಲೆಯೇ, ಕಣ್ಣಿಗೆ ಕಾಣುವಂತೆ ಬರೆ. ಹೇಳಿದರೆ ಜನ ಕೊಳ್ಳುವುದಿಲ್ಲ ಅಂತ ನಿನಗೆ ಅನ್ನಿಸಬಹುದು. ಗಂಜಿಗೆ ಬರುವ ಪ್ರತಿ ರೈತನಿಗೂ ಅಡತಿಯವನ ಪಾಲು ಎಷ್ಟು ಅಂತ ಗೊತ್ತಿರುತ್ತದೆ, ಆದರೂ ಬರುತ್ತಾನೆ. ಮುಚ್ಚಿಟ್ಟಾಗಲೇ ಸಂಶಯ ಹುಟ್ಟುವುದು. ಈಗ ಕಾನೂನೂ ಇದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ದುಡ್ಡೋ ಕಮಿಷನ್ನೋ ಉಡುಗೊರೆಯೋ ಪಡೆದು ಮಾಲು ಹೊಗಳುವವರು ಅದನ್ನು ಹೇಳಲೇಬೇಕು ಅಂತ ಸೂಚನೆ ಕೊಟ್ಟಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷದವರೆಗೆ ದಂಡ ಹಾಕಬಹುದು.

ಸರಿ, ಯಾವುದರ ಬಗ್ಗೆ ಮಾಡುವುದು ಅಂತ ಕೇಳಿದ್ದೀಯ. ಎಲ್ಲರೂ ಮಾಡುವ ಮೊಬೈಲ್, ಇಯರ್‌ಫೋನ್ ಬೇಡ. ಮೊಬೈಲಿಗೆ ಕಮಿಷನ್ನೂ ಕಡಿಮೆ. ನೀನು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಎಲ್ಲಿ ಕೂರುತ್ತಿದ್ದೆ? ಚೌಬಾರಾ ಹತ್ತಿರದ ಆ ಚಾಚಾನ ಬಿದರಿ ಕಾರ್ಖಾನೆಯ ಹೊಸ್ತಿಲ ಮೇಲೆ. ನಿನ್ನನ್ನು ಹುಡುಕಲು ನಾನೇ ಎಷ್ಟು ಸಲ ಬಂದಿದ್ದೇನೆ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯುವುದು, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ ಅದರ ಮೇಲೆ ಬಳ್ಳಿ, ಹೂವು ಗೀರುವುದು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು, ಎಲ್ಲ ನೋಡಿದ್ದೀಯ. ಆ ಟಕ್ ಟಕ್ ಸದ್ದು ಓಣಿ ತುದಿಗೆ ಕೇಳುತ್ತಿತ್ತು. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ನೀರಲ್ಲಿ ಕಲಸಿ ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಚಾಚಾ ಆ ಮಣ್ಣನ್ನು ನಾಲಿಗೆ ಮೇಲಿಟ್ಟು ನೋಡುತ್ತಿದ್ದದ್ದು ನೆನಪಿದೆಯಾ? ನಾವು ತೊಗರಿ ಕಡಿದು ನೋಡಿದ ಹಾಗೆಯೇ.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ನಿಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹೆಸರು ಕೇಳಿದವರು ತುಂಬ ಜನ. ಆದರೆ ಕೊಳ್ಳಲು ಹೋದವರಿಗೆ ಫೋಟೊ ನೋಡಿ ಅಸಲಿ ಯಾವುದು, ಬರೀ ಕಪ್ಪು ಬಣ್ಣ ಬಳಿದದ್ದು ಯಾವುದು ಗೊತ್ತಾಗುವುದಿಲ್ಲ. ನಿನಗೆ ಗೊತ್ತಾಗುತ್ತದೆ. ಅದನ್ನು ಹೇಳು. ಬೆಳ್ಳಿ ತಂತಿ ಕೂಡಿಸಿದ್ದಕ್ಕೂ ಮೇಲೆ ಬಣ್ಣ ಹಚ್ಚಿದ್ದಕ್ಕೂ ಅಂಚು ಹೇಗೆ ಬೇರೆ ಇರುತ್ತದೆ, ಕಪ್ಪು ಮಸುಕಾದರೆ ಯಾವ ಎಣ್ಣೆ ಒರೆಸಬೇಕು, ಒಂದು ಹೂದಾನಿಗೆ ಇಷ್ಟು ಬೆಲೆ ಯಾಕೆ, ಎಷ್ಟು ದಿನದ ಕೆಲಸ. ಕನ್ನಡದಲ್ಲಿ ಮಾಡು. ಚಾಚಾನ ಹತ್ತಿರವೂ ಮಾತಾಡು. ನಿನ್ನ ಮೂಲಕ ಬಂದ ಗಿರಾಕಿಗೆ ನಿನಗೆಷ್ಟು ಅಂತ ಮೊದಲೇ ಬಾಯಿಬಿಟ್ಟು ಹೇಳಿಕೋ. ದೊಡ್ಡ ಕಂಪನಿಯ ಲಿಂಕಿಗಿಂತ ಅಲ್ಲೇ ಜಾಸ್ತಿ ಉಳಿಯಬಹುದು ಅಂತ ನನ್ನ ಅಂದಾಜು.

ಎಐ ಯಂತ್ರಕ್ಕೆ ಹೇಳಿ ನೂರು ಲೇಖನ ಬರೆಸಿ ಹಾಕುವ ಉಪಾಯ ನಿನ್ನ ಕೋರ್ಸಿನಲ್ಲಿ ಇದ್ದೇ ಇರುತ್ತದೆ. ಹುಡುಕಾಟದಲ್ಲಿ ಮೇಲೆ ಬರಲಿ ಅಂತ ಹಾಗೆ ರಾಶಿ ಹಾಕಿದ ಪುಟಗಳನ್ನು ಕೆಳಗೆ ತಳ್ಳುವ ನಿಯಮವನ್ನು ಗೂಗಲ್ 2024ರ ಮಾರ್ಚ್‌ನಲ್ಲೇ ತಂದಿದೆ. ಒಂದೇ ಕಡೆ ಎಲ್ಲವನ್ನೂ ಇಟ್ಟುಕೊಂಡು ಕೂರುವುದೂ ಬೇಡ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬಂದ್ ಆದಾಗ ಲಕ್ಷಗಟ್ಟಲೆ ಅಭಿಮಾನಿಗಳಿದ್ದವರ ಖಾತೆ ರಾತ್ರೋರಾತ್ರಿ ಹೋಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣದ ಕಮಿಷನ್ನನ್ನು ನೂರಕ್ಕೆ 8ರಿಂದ 3ಕ್ಕೆ ಇಳಿಸಿತು. ಬರೆದದ್ದು, ತೆಗೆದ ವಿಡಿಯೊ, ಫೋಟೊ ಎಲ್ಲದರ ಒಂದು ಪ್ರತಿ ಮನೆಯಲ್ಲಿ ಇಟ್ಟುಕೋ.

ವಿಡಿಯೊ ಲೈಕ್ ಮಾಡಿದರೆ 50 ರೂಪಾಯಿ ಅಂತ ಟೆಲಿಗ್ರಾಮ್‌ನಲ್ಲಿ ಕರೆಯುವವರ ಹತ್ತಿರ ಸುಳಿಯಬೇಡ. ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ನಿನ್ನಿಂದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಗೊತ್ತಿಲ್ಲದೆ ಸಿಕ್ಕಿಬಿದ್ದರೆ ಹೆದರಿ ಮುಚ್ಚಿಡಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಆಮೇಲೆ ನನಗೆ ಮಾಡು. ನಾನು ಬೈಯುವುದಿಲ್ಲ.

ಬರುವ ರವಿವಾರ ಶರಣು ಬೀದರ್ ರೈಲಿಗೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಮೊಬೈಲ್ ಸ್ಟ್ಯಾಂಡ್, ಒಂದು ಸಣ್ಣ ಮೈಕ್ ಕಳಿಸುತ್ತಿದ್ದೇನೆ. ಜೊತೆಗೆ ಗಂಜಿನಿಂದ ತಂದ ಕೆಂಪು ರಟ್ಟಿನ ಖಾತೆ ಪುಸ್ತಕ ಇದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು ಅಂತ ಗೆರೆ ಎಳೆದಿದ್ದೇನೆ. ಖರ್ಚಿನ ಕಡೆ ಸ್ಟ್ಯಾಂಡ್, ಮೈಕ್ ಬೆಲೆ ಬರೆದಾಗಿದೆ. ಶರಣು ಇರುವಾಗಲೇ ಅಪ್ಪನನ್ನು ಕೂರಿಸಿಕೊಂಡು ಎಲ್ಲ ಹೇಳು. ಚಾಚಾ ಒಪ್ಪಿದರೆ ಅವರ ಕೈ ಕೆಲಸದ ಮೊದಲ ವಿಡಿಯೊ ಅಂದೇ ತೆಗೆಯಿರಿ, ಹಾಕುವ ಮೊದಲು ನನಗೆ ಕಳಿಸು.

ಅವ್ವನಿಗೆ ನಮಸ್ಕಾರ ತಿಳಿಸು. ನಿನ್ನ ಕಾಕಿ ಶೇಂಗಾ ಹೋಳಿಗೆ ಕಟ್ಟಿಕೊಡುತ್ತಾಳೆ, ತಂಗಿಗೂ ಕೊಡು.

ಇಂತಿ,
ನಿನ್ನ ಕಾಕಾ