ಮರ ಕಡಿಯುವವರಿಗೆ ತರಬೇತಿಯೂ ವಿಮೆಯೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಅಡ್ಡಮಳೆ ಶುರುವಾದ ಕೂಡಲೇ ಪತ್ರಿಕೆಯ ಹಾವೇರಿ, ಧಾರವಾಡ ಜಿಲ್ಲಾ ಪುಟಗಳಲ್ಲಿ ರಸ್ತೆಗೆ ಉರುಳಿದ ಮರಗಳ ಚಿತ್ರಗಳು ಬರುತ್ತವೆ. ಅವುಗಳ ಅಡಿಯಲ್ಲಿ ‘ಮರ ತೆರವುಗೊಳಿಸಿ ಸಂಚಾರಕ್ಕೆ ಅನುವು ಮಾಡಿಕೊಡಲಾಯಿತು’ ಎಂಬ ಸಾಲೊಂದು ತಪ್ಪದೇ ಇರುತ್ತದೆ. ತೆರವುಗೊಳಿಸಿದವರು ಯಾರೆಂದು ಆ ಸಾಲು ಹೇಳುವುದಿಲ್ಲ. ಎಷ್ಟೋ ಸಲ ಆತ ಯಾವ ಇಲಾಖೆಯ ನೌಕರನೂ ಅಲ್ಲದ, ಸ್ವಂತ ದುಡ್ಡಿನಲ್ಲಿ ಗರಗಸ ಯಂತ್ರ ಕೊಂಡು, ಫೋನ್ ಬಂದ ಕಡೆಗೆ ಅದನ್ನು ಬೈಕಿಗೆ ಕಟ್ಟಿಕೊಂಡು ಹೋಗುವ ನನ್ನಂಥವನೇ ಆಗಿರುತ್ತಾನೆ. ಹಾನಗಲ್ ತಾಲ್ಲೂಕಿನಲ್ಲಿ ಇಪ್ಪತ್ತೊಂದು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನಾನು, ಈ ಕಸುಬಿನವರಿಗೆ ತರಬೇತಿ ಮತ್ತು ಅಪಘಾತ ವಿಮೆಯ ವ್ಯವಸ್ಥೆ ಆಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೇಳುವುದರಿಂದ ಜನ ನಮ್ಮನ್ನು ‘ಗಿಡ ಕಡಿಯೋರು’ ಎನ್ನುತ್ತಾರೆ. ನಮ್ಮ ತಂದೆಯವರದೂ ಇದೇ ಉದ್ಯೋಗ. ಅವರ ಕಾಲದಲ್ಲಿ ಕೊಡಲಿ ಮತ್ತು ಇಬ್ಬರು ಆಚೀಚೆ ಕುಳಿತು ಎಳೆಯುವ ಗರಗಸ ಇದ್ದವು, ಒಂದು ಹುಣಸೆ ಮರಕ್ಕೆ ಎರಡು ದಿನ ಹಿಡಿಯುತ್ತಿತ್ತು. ಈಗ ಅದೇ ಮರ ಊಟದ ಹೊತ್ತಿಗೆ ನೆಲದ ಮೇಲಿರುತ್ತದೆ. ಹೊಲದ ಬದುವಿನ ಜಾಲಿ, ತೋಪಿನ ನೀಲಗಿರಿ, ಮುದಿಯಾಗಿ ಕಾಯಿ ಬಿಡದ ಮಾವು, ಮನೆಯ ಮೇಲೆ ಬಾಗಿದ ತೆಂಗು ಎಲ್ಲವೂ ನಮ್ಮ ಪಾಲಿಗೆ ಬರುತ್ತವೆ. ನಾವು ಕಡಿದ ನೀಲಗಿರಿಯಲ್ಲಿ ನೇರವಾದವು ಹುಬ್ಬಳ್ಳಿಯ ಕಟ್ಟಡಗಳ ಸೆಂಟ್ರಿಂಗ್‌ಗೆ ಹೋದರೆ, ಸೊಟ್ಟನೆಯವು ಇಟ್ಟಂಗಿ ಭಟ್ಟಿಗೆ ಹೋಗುತ್ತವೆ. ನಮ್ಮನ್ನು ಕಾಡಿನ ವೈರಿಗಳೆಂದು ನೋಡುವವರೂ ಇದ್ದಾರೆ. 1983ರಲ್ಲಿ ಪಕ್ಕದ ಶಿರಸಿ ತಾಲ್ಲೂಕಿನ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತ ಕಥೆಯನ್ನು ಕೇಳುತ್ತಲೇ ನಾನು ಬೆಳೆದವನಾದ್ದರಿಂದ ಆ ನೋಟ ನನಗೆ ಅರ್ಥವಾಗುತ್ತದೆ. ಆದರೆ ಯಾವ ಮರ ಕಡಿಯಬೇಕೆಂದು ತೀರ್ಮಾನಿಸುವವರು ಜಮೀನಿನ ಮಾಲೀಕರು ಮತ್ತು 1976ರ ಮರಗಳ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅನುಮತಿ ಕೊಡುವ ಅಧಿಕಾರಿಗಳು. ಅನುಮತಿ ಪತ್ರವನ್ನು ಕಣ್ಣಾರೆ ನೋಡದೆ ನಾನು ಸಾಗವಾನಿಗೆ ಯಂತ್ರ ಹಚ್ಚುವುದಿಲ್ಲ. ಏಕೆಂದರೆ ಮಾಲೀಕರ ಮಾತು ಸುಳ್ಳಾದರೆ ಜಪ್ತಿಯಾಗುವುದು ನನ್ನ ಯಂತ್ರ.

ಈ ಕೆಲಸದಲ್ಲಿ ಕೈ ತುಂಬ ದುಡ್ಡಿದೆಯೆಂಬ ಭಾವನೆ ಹಲವರಲ್ಲಿದೆ. ಯಂತ್ರ ಸಮೇತ ಒಂದು ದಿನಕ್ಕೆ ನಾನು 2,200 ರೂಪಾಯಿ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಹಗ್ಗ ಹಿಡಿಯುವ, ಟೊಂಗೆ ಸರಿಸುವ ಜೊತೆಗಾರನಿಗೆ 600 ರೂಪಾಯಿ, ನಾಲ್ಕು ಲೀಟರ್ ಪೆಟ್ರೋಲ್‌ಗೆ ನಾನೂರಕ್ಕೂ ಮಿಕ್ಕಿ, ಪೆಟ್ರೋಲ್‌ಗೆ ಬೆರೆಸುವ ಟು–ಟಿ ಎಣ್ಣೆಗೂ ಚೈನಿಗೆ ಹನಿಯುವ ಎಣ್ಣೆಗೂ ಸೇರಿ ಸುಮಾರು 250, ಬೈಕಿನ ಓಡಾಟಕ್ಕೆ ನೂರು ಹೋಗುತ್ತದೆ. ಗರಗಸದ ಚೈನು ಮತ್ತು ಅದು ಸುತ್ತುವ ಉದ್ದನೆಯ ಕಬ್ಬಿಣದ ಪಟ್ಟಿ, ಅಂದರೆ ಬಾರ್, ಸವೆಯುವ ಖರ್ಚನ್ನು ದಿನಕ್ಕೆ ನೂರೈವತ್ತು ಎಂದು ಹಿಡಿದರೆ ನನಗೆ ಉಳಿಯುವುದು ಆರುನೂರೆಂಬತ್ತು ರೂಪಾಯಿ, ಅಂದರೆ ಜೊತೆಗಾರನ ಕೂಲಿಗಿಂತ ಎಂಬತ್ತೇ ಹೆಚ್ಚು. ರಸ್ತೆ ಬದಿಯ ಮರವಾದರೆ ಅಷ್ಟೂ ಖಾತ್ರಿಯಿಲ್ಲ. ಕೋಚಿಂಗ್ ಕ್ಲಾಸಿನ ಜಾಹೀರಾತು ಹೊಡೆದ ಮೊಳೆ ತೊಗಟೆಯೊಳಗೆ ಹೂತು ಹೋಗಿರುತ್ತದೆ, ಅದು ತಾಗಿದರೆ ಹೊಸ ಚೈನು ಕ್ಷಣದಲ್ಲಿ ಮೊಂಡಾಗುತ್ತದೆ. ಮರಕ್ಕೆ ಮೊಳೆ ಹೊಡೆಯಬಾರದೆಂದು ಪರಿಸರದವರು ಹೇಳುವಾಗ ನಾನು ಬೇರೆಯದೇ ಕಾರಣಕ್ಕೆ ಜೋರಾಗಿ ತಲೆಯಾಡಿಸುತ್ತೇನೆ.

ಈಗ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೈಕ್ ಓಡಿಸಲು ಲೈಸೆನ್ಸ್ ಬೇಕು. ಆದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನಿನ ತುದಿಗೆ ಹಲ್ಲಿನ ಸರಪಳಿ ಕಟ್ಟಿದ ಈ ಯಂತ್ರವನ್ನು ಮೊಬೈಲಿನಲ್ಲಿ ಆರ್ಡರ್ ಮಾಡಿದರೆ, ನಾಲ್ಕು ದಿನದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಅದನ್ನು ಹಿಡಿಯುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ಅಗ್ಗದ 58 ಸಿ.ಸಿ. ಯಂತ್ರಗಳು ಬಂದ ಮೇಲಂತೂ ನಮ್ಮ ಭಾಗದ ಊರೂರಿನಲ್ಲಿ ಇಪ್ಪತ್ತು ವರ್ಷದ ಹುಡುಗರು ವಿಡಿಯೊ ನೋಡಿ, ರಬ್ಬರ್ ಚಪ್ಪಲಿಯಲ್ಲೇ ಕೆಲಸಕ್ಕೆ ಇಳಿಯುತ್ತಿದ್ದಾರೆ. ಒಂದು ಲೀಟರ್ ಪೆಟ್ರೋಲ್‌ಗೆ ಎಣ್ಣೆ ಇಪ್ಪತ್ತು ಮಿಲಿಲೀಟರೋ ನಲವತ್ತೋ ಎಂಬುದು ಯಂತ್ರ ಮತ್ತು ಎಣ್ಣೆಯ ಗುಣಮಟ್ಟವನ್ನು ಅವಲಂಬಿಸುತ್ತದೆ ಎಂಬುದೂ ಅವರಲ್ಲಿ ಅನೇಕರಿಗೆ ತಿಳಿದಿಲ್ಲ. ಎಣ್ಣೆಯ ಲೆಕ್ಕ ತಪ್ಪಿದರೆ ಎಂಜಿನ್ ಜಾಮ್ ಆಗುತ್ತದೆ, ನಷ್ಟ ಅಷ್ಟಕ್ಕೇ ಮುಗಿಯುತ್ತದೆ. ಕಡಿಯುವ ಲೆಕ್ಕ ತಪ್ಪಿದರೆ ಹಾಗಲ್ಲ.

ಓದುಗರಿಗೆ ಇದು ತಿಳಿಯಲೆಂದು ಸ್ವಲ್ಪ ವಿವರಿಸುತ್ತೇನೆ. ಮರ ಬೀಳಬೇಕಾದ ದಿಕ್ಕಿಗೆ ಮೊದಲು ಬುಡದ ದಪ್ಪದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ ಬಾಯಿ ತೆರೆದಂತೆ ಒಂದು ಕಚ್ಚು ತೆಗೆಯಬೇಕು. ನಂತರ ಹಿಂದಿನಿಂದ, ಆ ಕಚ್ಚಿನ ಮೂಲೆಗಿಂತ ತುಸು ಮೇಲೆ ಕೊಯ್ಯುತ್ತ ಬಂದು, ನಡುವೆ ದಪ್ಪದ ಹತ್ತನೇ ಒಂದು ಭಾಗದಷ್ಟು ಕಟ್ಟಿಗೆಯನ್ನು ಕೊಯ್ಯದೆ ಬಿಡಬೇಕು. ಬಾಗಿಲಿಗೆ ಕೀಲು ಇದ್ದ ಹಾಗೆ ಆ ಉಳಿದ ಪಟ್ಟಿಯೇ ಮರವನ್ನು ಹಿಡಿದು, ನಿಧಾನವಾಗಿ, ನಾವು ಹೇಳಿದ ಕಡೆಗೆ ಮಲಗಿಸುತ್ತದೆ. ಅವಸರದಲ್ಲಿ ಅದನ್ನೂ ಕೊಯ್ದುಬಿಟ್ಟರೆ ಮರ ತನಗೆ ಬೇಕಾದ ಕಡೆ ಹೊರಳುತ್ತದೆ. ಬಾಗಿದ ನೀಲಗಿರಿಯನ್ನು ಹಿಂದಿನಿಂದ ಸೀದಾ ಕೊಯ್ಯಲು ಹೋದರೆ, ಅರ್ಧ ಕೊಯ್ಯುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಭಾಗ ಹಿಂದಕ್ಕೆ ಚಿಮ್ಮಿ ಎದೆಗೋ ಗದ್ದಕ್ಕೋ ಬಡಿಯುತ್ತದೆ. ಕಡಿಯುವ ಮೊದಲೇ ಓಡುವ ದಾರಿಯನ್ನು ಹಿಂದೆ ಓರೆಯಾಗಿ ಸವರಿಟ್ಟುಕೊಳ್ಳಬೇಕು, ಉಳಿದವರು ಮರದ ಎತ್ತರದ ಎರಡು ಪಟ್ಟು ದೂರ ನಿಲ್ಲಬೇಕು. ನಮ್ಮೂರುಗಳಲ್ಲಿ ಮರ ಬೀಳುವುದನ್ನು ನೋಡಲು ಸೇರುವ ಜನ ಎಷ್ಟು ಹತ್ತಿರ ನಿಲ್ಲುತ್ತಾರೆಂಬುದನ್ನು ನಾನು ಹೇಳಬೇಕಾಗಿಲ್ಲ. ಈಗ ಅವರ ಕೈಯಲ್ಲಿ ಮೊಬೈಲ್ ಬೇರೆ ಇರುತ್ತದೆ.

ಇವುಗಳಲ್ಲಿ ಒಂದನ್ನೂ ನನಗೆ ಯಾರೂ ಕ್ರಮವಾಗಿ ಕಲಿಸಲಿಲ್ಲ. ಎಂಟು ವರ್ಷಗಳ ಹಿಂದೆ ಗಾಳಿಗೆ ಬಿದ್ದ ಮಾವಿನ ಮರವೊಂದರ ಟೊಂಗೆ ಬಿಡಿಸುವಾಗ ಬಾರ್‌ನ ತುದಿಯ ಮೇಲ್ಭಾಗ ಇನ್ನೊಂದು ಟೊಂಗೆಗೆ ತಾಗಿ ಯಂತ್ರ ಒದೆಯಿತು. ಈ ಒದೆತ ಎಷ್ಟು ವೇಗವಾಗಿ ಬರುತ್ತದೆಂದರೆ ಮನುಷ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಅದನ್ನು ತಡೆಯಲೆಂದೇ ಮುಂದಿನ ಹಿಡಿಕೆಯ ಎದುರು ಚೈನಿನ ಬ್ರೇಕ್ ಇರುತ್ತದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ಅದನ್ನು ತಂತಿಯಿಂದ ಹಿಂದಕ್ಕೆ ಕಟ್ಟಿದವನು ನಾನೇ. ಎಡ ಮೊಣಕಾಲಿನ ಮೇಲೆ ಹದಿನಾಲ್ಕು ಹೊಲಿಗೆ ಬಿದ್ದವು, ಎರಡು ತಿಂಗಳು ಮನೆಯಲ್ಲಿ ಕುಳಿತೆ. ಆ ಬ್ರೇಕ್ ಏಕಿದೆಯೆಂದು ಯಾರಾದರೂ ಅರ್ಧ ಗಂಟೆ ತಿಳಿಸಿ ಹೇಳಿದ್ದರೆ ನಾನು ಅದನ್ನು ಕಟ್ಟುತ್ತಿರಲಿಲ್ಲ.

ಕಾಣುವ ಗಾಯಗಳ ಜೊತೆ ಕಾಣದವೂ ಇವೆ. ಪೂರ್ತಿ ವೇಗದಲ್ಲಿ ಯಂತ್ರದ ಸದ್ದು ನೂರು ಡೆಸಿಬೆಲ್ ದಾಟುತ್ತದೆ; ನಮ್ಮ ಮನೆಯ ಟಿ.ವಿ. ಈಗ ಪಕ್ಕದ ಮನೆಯವರಿಗೂ ಸ್ಪಷ್ಟವಾಗಿ ಕೇಳುತ್ತದೆ. ವರ್ಷಗಟ್ಟಲೆ ನಡುಗುವ ಹಿಡಿಕೆ ಹಿಡಿದ ಕೈಗಳ ರಕ್ತನಾಳ ಮತ್ತು ನರಗಳು ಕೆಟ್ಟು, ಚಳಿಗೆ ಬೆರಳುಗಳು ಬಿಳಿಚಿ ಜೋಮು ಹಿಡಿಯುತ್ತವೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ನನಗೆ ಹೊತ್ತು ಹಿಡಿಯುತ್ತದೆ. ಮೊಂಡಾದ ಚೈನು ಈ ನಡುಕವನ್ನು ಹೆಚ್ಚಿಸುವುದರಿಂದ ಪ್ರತಿ ಸಲ ಟ್ಯಾಂಕ್ ತುಂಬುವಾಗಲೂ ಹಲ್ಲುಗಳಿಗೆ ಅರ ಹಾಕಬೇಕು. ಹೊಸ ಹುಡುಗರು ಅಷ್ಟು ಹೊತ್ತು ಕೂರಲು ಬೇಸರಪಟ್ಟು, ಕೊಯ್ಯದ ಚೈನನ್ನು ತೋಳಬಲದಿಂದ ಒತ್ತುತ್ತಾರೆ.

ರಕ್ಷಣಾ ಉಡುಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಜಾಲರಿ ಮತ್ತು ಕಿವಿಮುಚ್ಚುಗ ಇರುವ ಹೆಲ್ಮೆಟ್, ಮುಂಭಾಗಕ್ಕೆ ಉಕ್ಕು ಇರುವ ಬೂಟು, ಕೈಗವಸು, ಕೊಯ್ತ ತಡೆಯುವ ಪ್ಯಾಂಟ್ ಇವೆಲ್ಲ ಬೇಕೆಂಬುದು ಸರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಅರಣ್ಯ ಕೆಲಸದ ಸುರಕ್ಷತೆಯ ಬಗ್ಗೆ 1998ರಲ್ಲಿ ಹೊರತಂದ ಸಂಹಿತೆಯೂ ರಕ್ಷಣಾ ಸಾಧನಗಳ ಬಗ್ಗೆ ಹೇಳುತ್ತದೆ. ಆ ಪ್ಯಾಂಟಿನೊಳಗಿನ ಉದ್ದನೆಯ ಎಳೆಗಳು ಚೈನಿಗೆ ಸಿಕ್ಕಿ, ಎಂಜಿನ್ನಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತವೆ. ಆದರೆ ಅದನ್ನು ಚಳಿಯ ದೇಶಗಳನ್ನು ಮನಸ್ಸಿನಲ್ಲಿಟ್ಟು ಹೊಲಿದಂತಿದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇಡೀ ದಿನ ತೊಟ್ಟು ದುಡಿಯುವುದು ಕಷ್ಟ. ಕಾಲಿನ ಮುಂಭಾಗವನ್ನು ಮಾತ್ರ ಮುಚ್ಚುವ, ಹಿಂದೆ ತೆರೆದ, ಕಟ್ಟಿ ಬಿಚ್ಚಲು ಬರುವ ರಕ್ಷಾಕವಚವೇ ನಮಗೆ ಹೊಂದುತ್ತದೆ. ಅದು ತಾಲ್ಲೂಕು ಮಟ್ಟದ ಅಂಗಡಿಗಳಲ್ಲಿ ನನಗೆ ಒಮ್ಮೆಯೂ ಸಿಕ್ಕಿಲ್ಲ. ಇನ್ನು ಸಹಾಯಧನದ ಮಾತೆತ್ತಿದರೆ ಪಹಣಿ ಕೇಳುತ್ತಾರೆ. ಜಮೀನಿಲ್ಲದೆ ಬೇರೆಯವರ ಜಮೀನಿನಲ್ಲಿ ದುಡಿಯುವವನ ಬಳಿ ಪಹಣಿ ಎಲ್ಲಿಂದ ಬರಬೇಕು?

ವಿಮೆಯ ಕಥೆ ಇನ್ನೂ ವಿಚಿತ್ರ. ಕೆಲಸಗಾರರಿಗೆ ಪರಿಹಾರ ಕೊಡಿಸುವ ಕಾನೂನು ಮಾಲೀಕ ಮತ್ತು ನೌಕರ ಎಂಬ ಸಂಬಂಧವನ್ನು ಕೇಳುತ್ತದೆ. ನಾನು ಇಂದು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹಿತ್ತಲಿನಲ್ಲಿ ಇರುವವನು. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯಿಂದ ಕಲ್ಯಾಣ ಮಂಡಳಿ ಬಂದಿದೆ. ಅಂದರೆ ನಾನು ಕಡಿದ ನೀಲಗಿರಿಯ ಮೇಲೆ ಸ್ಲ್ಯಾಬ್ ಹಾಕುವವನಿಗೆ ಕಾರ್ಡ್ ಇದೆ, ಆ ನೀಲಗಿರಿ ಕಡಿದ ನನಗೆ ಇಲ್ಲ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ–ಶ್ರಮ ಕಾರ್ಡ್ ಮಾಡಿಸಿದ್ದೇನೆ. ಅದರಲ್ಲಿ ಕಂಪ್ಯೂಟರ್ ಕೇಂದ್ರದ ಹುಡುಗ ನನ್ನನ್ನು ಕೃಷಿ ಕಾರ್ಮಿಕನೆಂದು ನಮೂದಿಸಿದ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತದೆ. ಸತ್ತರೆ ಎರಡು ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ ಒಂದು ಲಕ್ಷ. ಇಪ್ಪತ್ತು ರೂಪಾಯಿಗೆ ಇದು ದೊಡ್ಡ ಮಾತೇ, ನನ್ನ ಜೊತೆಗಾರರೆಲ್ಲರಿಗೂ ಮಾಡಿಸಿಕೊಳ್ಳಲು ಹೇಳುತ್ತೇನೆ. ಆದರೆ ನಮ್ಮ ಕಸುಬಿನಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಎರಡು ಬೆರಳು ಹೋಗುವುದು, ತೊಡೆಯ ಮಾಂಸ ಹರಿಯುವುದು, ಭುಜದ ಮೂಳೆ ಮುರಿಯುವುದು. ಇವು ಯಾವುವೂ ಆ ಪಟ್ಟಿಯಲ್ಲಿ ಬರುವುದಿಲ್ಲ. ಆಸ್ಪತ್ರೆಯ ಖರ್ಚು ಬಿಪಿಎಲ್ ಕಾರ್ಡಿನಿಂದ ಹೇಗೋ ಕಳೆದೀತು. ಎರಡು ತಿಂಗಳು ಯಂತ್ರ ಮೂಲೆ ಸೇರಿದರೆ ಒಲೆ ಉರಿಯುವ ದಾರಿ ಯಾವುದು?

ಪರಿಹಾರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ಕಾರ್ಯಕ್ರಮದಲ್ಲಿ ಯುವಕರಿಗೆ ಆರು ದಿನ ಮರ ಹತ್ತುವ ತರಬೇತಿ ಕೊಟ್ಟು, ಹತ್ತುವ ಸಾಧನವನ್ನೂ ಕೊಟ್ಟು, ವಿಮೆಯನ್ನೂ ಮಾಡಿಸಲಾಗುತ್ತದೆ. ಮರ ಹತ್ತುವವನಿಗೆ ಸಾಧ್ಯವಾದದ್ದು ಮರ ಇಳಿಸುವವನಿಗೆ ಏಕೆ ಸಾಧ್ಯವಾಗಬಾರದು? ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ನಮಗೆ ಸಮೀಪದ ಶಿರಸಿಯಲ್ಲೇ ಇದೆ, ಕೃಷಿ ವಿಜ್ಞಾನ ಕೇಂದ್ರ ಹನುಮನಮಟ್ಟಿಯಲ್ಲಿದೆ. ಮಳೆಗಾಲದಲ್ಲಿ ನಮಗೆ ಹೇಗೂ ಕೆಲಸ ಕಡಿಮೆ. ಆಗ ಐದಾರು ದಿನದ ತರಬೇತಿ ನಡೆಸಿ, ಪ್ರಮಾಣಪತ್ರ ಕೊಟ್ಟು, ಬೆರಳಿನ ಗಾಯಕ್ಕೂ ಕೆಲಸ ತಪ್ಪಿದ ದಿನಗಳಿಗೂ ಹಣ ಕೊಡುವಂಥ ಗುಂಪು ವಿಮೆ ಮಾಡಿಸಿದರೆ, ಅದರ ಕಂತಿನಲ್ಲಿ ನಮ್ಮ ಪಾಲನ್ನು ಕಟ್ಟಲು ನಾವು ಹಿಂದೆಗೆಯುವುದಿಲ್ಲ.

ಇದರ ಜೊತೆ ಇನ್ನೊಂದು ಕೋರಿಕೆ. ಗಾಳಿಮಳೆಯ ರಾತ್ರಿ ನಮ್ಮನ್ನು ಕರೆಸುವ ಸರ್ಕಾರಿ ಕಚೇರಿಗಳು ಪ್ರಮಾಣಪತ್ರ ಪಡೆದವರ ಪಟ್ಟಿ ಇಟ್ಟುಕೊಂಡು, ದರವನ್ನು ಮೊದಲೇ ನಿಗದಿಪಡಿಸಲಿ. ಎರಡು ವರ್ಷಗಳ ಹಿಂದೆ ಮೇ ತಿಂಗಳ ಒಂದು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ, ಬೈಕಿನ ದೀಪದ ಬೆಳಕಿನಲ್ಲಿ, ಮೇಲೆ ಜೋತುಬಿದ್ದ ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ಮೂರು ಸಲ ಫೋನ್ ಮಾಡಿ ಕೇಳಿಕೊಂಡು, ಒಂದು ದೊಡ್ಡ ಮಳೆಮರವನ್ನು ತುಂಡು ಮಾಡಿ ರಸ್ತೆ ಬಿಡಿಸಿದೆವು. ಅದರ ಬಿಲ್ ಇನ್ನೂ ಬಂದಿಲ್ಲ. ಆ ಕಚೇರಿಯ ಹೆಸರು ಹೇಳುವುದು ನನ್ನ ಉದ್ದೇಶವಲ್ಲ, ಅಲ್ಲಿದ್ದ ಅಧಿಕಾರಿಯೂ ವರ್ಗವಾಗಿ ಹೋಗಿದ್ದಾರೆ.

ಜಿಲ್ಲಾಡಳಿತವೋ ವಿಶ್ವವಿದ್ಯಾಲಯವೋ ಮನಸ್ಸು ಮಾಡಿದರೆ ಮೊದಲ ತರಬೇತಿಯನ್ನು ಹಾನಗಲ್ ತಾಲ್ಲೂಕಿನಲ್ಲೇ ನಡೆಸಬಹುದು. ಕಡಿಯಲು ಸಿದ್ಧವಿರುವ ಎರಡು ಎಕರೆ ನೀಲಗಿರಿ ತೋಪನ್ನು ಅದಕ್ಕಾಗಿ ಬಿಟ್ಟುಕೊಡಲು ನಮ್ಮೂರಿನ ರೈತರೊಬ್ಬರು ಒಪ್ಪಿದ್ದಾರೆ. ಹನ್ನೆರಡು ಮಂದಿ ಹೆಸರು ಕೊಟ್ಟಿದ್ದಾರೆ, ಯಂತ್ರಗಳನ್ನು ನಾವೇ ತರುತ್ತೇವೆ.

ಇಂತಿ,
ಒಬ್ಬ ಮರ ಕಡಿಯುವ ಕಾರ್ಮಿಕ,
ಹಾನಗಲ್ ತಾಲ್ಲೂಕು, ಹಾವೇರಿ ಜಿಲ್ಲೆ